ಹವಾ ಸೋರಿದೆಯೋ, ತಣ್ಣಗಾಗಿದೆಯೋ? ಟೈರು, ಮೋಟರು, ಕುಕ್ಕರು, ಸಿಲಿಂಡರಿನ ದೋಷ ಪತ್ತೆ

ಚಳಿಗಾಲ ಬಂತೆಂದರೆ ಧಾರವಾಡ, ಹುಬ್ಬಳ್ಳಿಯ ಪಂಕ್ಚರ್ ಅಂಗಡಿಗಳಿಗೆ ಪಂಕ್ಚರೇ ಆಗದ ಗಾಡಿಗಳೂ ಬರುತ್ತವೆ. ಟೈರ್ ಬಿಚ್ಚಿ, ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತಿರುವಿದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಬೇಸಿಗೆಯಲ್ಲಿ ಇದರ ಉಲ್ಟಾ. ಹವಾ ಜಾಸ್ತಿ ಆಗಿದೆ, ಟೈರ್ ಒಡೆದೀತು ಎಂದು ಬಿಸಿ ಟೈರಿನಿಂದ ಹವಾ ಬಿಡುತ್ತಾರೆ, ಅದರಿಂದಲೇ ಟೈರ್ ಹಾಳಾಗುತ್ತದೆ. ಹೊಲದ ಮೋಟರ್, ಅಡುಗೆಮನೆಯ ಕುಕ್ಕರ್, ಖಾನಾವಳಿಯ ಸಿಲಿಂಡರ್ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಸಾಮಾನು ಕೆಟ್ಟಿದೆಯೋ, ಅಥವಾ ಒಳಗಿನ ಅನಿಲ ತನ್ನ ನಿಯಮದಂತೆ ನಡೆದುಕೊಂಡಿದೆಯೋ ಎಂಬುದು ಮೊದಲು ತೀರ್ಮಾನವಾಗಬೇಕು. ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಆಮೇಲೆ.

ಲೆಕ್ಕಕ್ಕೆ ಕೂಡುವ ಮೊದಲು

ಹವಾ ಅಳೆಯುವ ಗೇಜ್ ತೋರಿಸುವುದು ಪೂರ್ತಿ ಒತ್ತಡವಲ್ಲ. ಹೊರಗಿನ ವಾತಾವರಣಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 14.7 ಪಿಎಸ್‌ಐ (ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಅಳತೆ). ಹುಬ್ಬಳ್ಳಿ-ಧಾರವಾಡ, ಗದಗ ಇರುವುದು ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿ. ಇಲ್ಲಿ ಅದು 13.5ರ ಆಸುಪಾಸು. ಹಾಗಾಗಿ ಗೇಜ್ 30 ತೋರಿಸಿದರೆ ಟೈರಿನೊಳಗಿನ ನಿಜವಾದ ಒತ್ತಡ 43.5. ಅನಿಲದ ಲೆಕ್ಕವೆಲ್ಲ ಈ ಕೂಡಿದ ಸಂಖ್ಯೆಯಲ್ಲೇ ಆಗಬೇಕು. ತಾಪಮಾನಕ್ಕೂ 273 ಕೂಡಿಸಿ ಕೆಲ್ವಿನ್ ಮಾಡಿಕೊಳ್ಳಬೇಕು. ಈ ಎರಡು ಕೂಡಿಕೆ ಬಿಟ್ಟರೆ ಉತ್ತರ ಪೂರ್ತಿ ದಾರಿ ತಪ್ಪುತ್ತದೆ: 15 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಒತ್ತಡ ಇಮ್ಮಡಿಯಾಗುವುದಿಲ್ಲ, 288ರಿಂದ 303ಕ್ಕೆ ಏರಿದಷ್ಟು, ಅಂದರೆ ನೂರಕ್ಕೆ ಐದರಷ್ಟು ಏರುತ್ತದೆ.

ನಿಯಮಗಳು ಹಳೆಯವು. ತಾಪಮಾನ ಬದಲಾಗದಿದ್ದರೆ ಗಾತ್ರ ಅರ್ಧವಾದಾಗ ಒತ್ತಡ ಎರಡರಷ್ಟಾಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ. ಗಾತ್ರ ಬದಲಾಗದಿದ್ದರೆ ಒತ್ತಡವು ಕೆಲ್ವಿನ್ ತಾಪಮಾನದ ಜೊತೆಗೇ ಏರಿಳಿಯುತ್ತದೆ, ಇದು ಗೇ-ಲುಸಾಕ್ ಹೆಸರಿನ ನಿಯಮ. ಕೆಲಸಕ್ಕೆ ಬೇಕಾದದ್ದು ಎರಡನ್ನೂ ಸೇರಿಸಿದ ಒಂದೇ ಮಾತು: ಒಳಗಿನ ಹವಾ ಹೊರಗೆ ಹೋಗದಿದ್ದರೆ, ಒತ್ತಡವನ್ನು ಗಾತ್ರದಿಂದ ಗುಣಿಸಿ ತಾಪಮಾನದಿಂದ ಭಾಗಿಸಿದರೆ ಬರುವ ಸಂಖ್ಯೆ ಬದಲಾಗುವುದಿಲ್ಲ. ಆ ಸಂಖ್ಯೆ ಇಳಿದಿದ್ದರೆ ಹವಾ ಸೋರಿದೆ. ಇಳಿದಿಲ್ಲದಿದ್ದರೆ ಸೋರಿಲ್ಲ, ಗೇಜ್ ಏನೇ ತೋರಿಸಲಿ.

ಇನ್ನೊಂದು ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕು. ಒಳಗಿರುವುದು ಬರೀ ಅನಿಲವೋ, ಅದರ ಜೊತೆಗೆ ಅದೇ ವಸ್ತುವಿನ ದ್ರವವೂ ಇದೆಯೋ? ಟೈರಿನಲ್ಲಿ ಬರೀ ಅನಿಲ. ಕುಕ್ಕರಿನಲ್ಲಿ ನೀರೂ ಆವಿಯೂ ಕೂಡಿರುತ್ತವೆ, ಸಿಲಿಂಡರಿನಲ್ಲಿ ದ್ರವ ಗ್ಯಾಸೂ ಅದರ ಆವಿಯೂ ಇರುತ್ತವೆ. ದ್ರವ ಇರುವಲ್ಲಿ ಮೇಲಿನ ಲೆಕ್ಕವನ್ನು ನೇರವಾಗಿ ಹಾಕಬಾರದು. ಅಲ್ಲಿ ಆವಿಯ ಒತ್ತಡವನ್ನು ತೀರ್ಮಾನಿಸುವುದು ತಾಪಮಾನ. ದ್ರವ ಎಷ್ಟು ಉಳಿದಿದೆ ಎಂಬುದಲ್ಲ.

“ಹವಾ ನಿಂದ್ರವಲ್ದು”

ಜನವರಿಯ ಮಧ್ಯಾಹ್ನ ಊರೆಲ್ಲ ಓಡಾಡಿ ಬಂದ ಬೈಕಿಗೆ 30 ಪಿಎಸ್‌ಐ ಹವಾ ಹೊಡೆಸಿದ್ದೀರಿ, ಟೈರಿನೊಳಗಿನ ತಾಪ ಆಗ 45 ಡಿಗ್ರಿ ಎಂದಿಟ್ಟುಕೊಳ್ಳಿ. ಮರುದಿನ ಬೆಳಗ್ಗೆ 15 ಡಿಗ್ರಿ. 43.5ನ್ನು 288ರಿಂದ ಗುಣಿಸಿ 318ರಿಂದ ಭಾಗಿಸಿದರೆ 39.4. ಅದರಿಂದ 13.5 ಕಳೆದರೆ ಗೇಜ್ ತೋರಿಸಬೇಕಾದದ್ದು 26. ಒಂದು ರಾತ್ರಿಯಲ್ಲಿ 4 ಪಿಎಸ್‌ಐ ಇಳಿದರೂ ಹವಾ ಒಂದು ಚೂರೂ ಹೊರಗೆ ಹೋಗಿಲ್ಲ. ಗೇಜ್ 22 ತೋರಿಸಿದರೆ ಮಾತು ಬೇರೆ. ಆಗ ನಿಜವಾದ ಒತ್ತಡ 35.5, ಇರಬೇಕಾದದ್ದು 39.4, ಅಂದರೆ ಹತ್ತರಲ್ಲಿ ಒಂದು ಪಾಲು ಹವಾ ಹೋಗಿದೆ. ಇದು ಸೋರಿಕೆ.

ಬಿಸಿ ಟೈರಿನ ಒಳತಾಪ ಕೈಯಲ್ಲಿ ಮುಟ್ಟಿ ತಿಳಿಯುವಂಥದ್ದಲ್ಲ. ಆದ್ದರಿಂದ ಎರಡು ತಣ್ಣನೆಯ ಅಳತೆಗಳನ್ನೇ ಹೋಲಿಸಿ. ಗಾಡಿ ಕನಿಷ್ಠ 3 ತಾಸು ನೆರಳಲ್ಲಿ ನಿಂತಿರಬೇಕು, ಬೆಳಗ್ಗೆ ಹೊರಡುವ ಮುಂಚೆ ಆದರೆ ಇನ್ನೂ ಒಳ್ಳೆಯದು. ಎರಡು ಸಲವೂ ಅದೇ ಗೇಜ್ ಬಳಸಿ. ಬೀದಿ ಬದಿಯ ಕಂಪ್ರೆಸರ್ ಗೇಜುಗಳು ಪೆಟ್ಟು ತಿಂದು ತಿಂದು ಒಂದೊಂದು ಒಂದೊಂದು ಹೇಳುತ್ತವೆ. ಸ್ವಂತಕ್ಕೊಂದು ಪೆನ್ ಗೇಜ್ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಹಳೆ ಗೇಜಿನಲ್ಲಿ ಚದರ ಸೆಂಟಿಮೀಟರಿಗೆ ಕೆಜಿ ಲೆಕ್ಕವಿದ್ದರೆ 2.1 ಅಂದರೆ 30 ಪಿಎಸ್‌ಐ. ಬಾಯಿಲೆಕ್ಕಕ್ಕೆ ಒಂದು ಅಂಕಿ ನೆನಪಿರಲಿ: 30 ಪಿಎಸ್‌ಐ ಟೈರಿನಲ್ಲಿ ಪ್ರತಿ 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ಏರಿಳಿತ.

ಕಾರಿಗಾದರೆ ಲೆಕ್ಕವೇ ಬೇಡದ ಒಂದು ಪರೀಕ್ಷೆ ಇದೆ. ಚಳಿ ಎಲ್ಲ ಟೈರುಗಳಿಗೂ ಒಂದೇ. ನಾಲ್ಕೂ ಒಟ್ಟಿಗೆ 2–3 ಪಿಎಸ್‌ಐ ಇಳಿದಿದ್ದರೆ ಅದು ತಾಪಮಾನ, ಬೇಕಾದಷ್ಟು ತುಂಬಿಸಿದರೆ ಮುಗಿಯಿತು. ಒಂದೇ ಟೈರ್ ಉಳಿದ ಮೂರಕ್ಕಿಂತ ಹಿಂದೆ ಬಿದ್ದಿದ್ದರೆ ಅದು ಸೋರಿಕೆ. ಹಾಗೆಂದು ಗೊತ್ತಾದ ಮೇಲೂ ಮೊದಲೇ ಟೈರ್ ಬಿಚ್ಚಬೇಡಿ. ವಾಲ್ವಿನ ಟೋಪಿ ತೆಗೆದು ಬಾಯಿಗೆ ಸೋಪಿನ ನೀರು ಹಚ್ಚಿ, ಒಂದು ನಿಮಿಷ ಕಾಯಿರಿ. ಗುಳ್ಳೆ ನಿಧಾನಕ್ಕೆ ಉಬ್ಬಿದರೆ ವಾಲ್ ಪಿನ್ ಸಡಿಲಾಗಿದೆ ಅಥವಾ ಅದರ ರಬ್ಬರ್ ಸವೆದಿದೆ. ಬಿಗಿ ಮಾಡಿದರೂ ನಿಲ್ಲದಿದ್ದರೆ ಪಿನ್ ಬದಲಿಸಿದರೆ ಸಾಕು. ಅಲ್ಲಿ ಗುಳ್ಳೆ ಇಲ್ಲದಿದ್ದರೆ ಟ್ಯೂಬ್‌ಲೆಸ್ ಟೈರಿನಲ್ಲಿ ರಿಮ್ಮಿನ ಅಂಚಿನ ಸುತ್ತ, ಆಮೇಲೆ ಟ್ರೆಡ್ಡಿನ ಮೇಲೆ ಸೋಪಿನ ನೀರು ಹಾಕುತ್ತ ಬನ್ನಿ. ಯಾವ ದೋಷವೂ ಇಲ್ಲದ ಟೈರಿನಲ್ಲೂ ರಬ್ಬರಿನ ಮೂಲಕವೇ ತಿಂಗಳಿಗೆ 1 ಪಿಎಸ್‌ಐ ಆಸುಪಾಸು ಹೋಗುತ್ತದೆ. ಅದಕ್ಕೆ ಮದ್ದಿಲ್ಲ, ತಿಂಗಳಿಗೊಮ್ಮೆ ತುಂಬಿಸುವುದೇ.

ಈಗ ಬೇಸಿಗೆಯ ಅಪಾಯ. ಏಪ್ರಿಲ್‌ನಲ್ಲಿ ನಸುಕಿನ 25 ಡಿಗ್ರಿಯಲ್ಲಿ 33 ಪಿಎಸ್‌ಐ ಇಟ್ಟುಕೊಂಡು ರಾಷ್ಟ್ರೀಯ ಹೆದ್ದಾರಿ 48ಕ್ಕೆ ಇಳಿದ ಕಾರು ಬಿಸಿಲೇರಿದ ಮೇಲೆ ಹಾವೇರಿ ಹತ್ತಿರ ನಿಂತಾಗ ಟೈರಿನೊಳಗೆ 65 ಡಿಗ್ರಿ ಆಗಿದ್ದರೆ ಗೇಜ್ 39 ತೋರಿಸುತ್ತದೆ. ಇದು ದೋಷವಲ್ಲ. ಟೈರ್ ತಯಾರಿಸುವವರು ತಣ್ಣನೆಯ ಅಳತೆ ಹೇಳುವಾಗಲೇ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಗಾಬರಿಯಿಂದ 33ಕ್ಕೆ ಇಳಿಸಿದರೆ ಏನಾಗುತ್ತದೆ ನೋಡಿ: ಮರುದಿನ ನಸುಕಿನಲ್ಲಿ ಅದೇ ಟೈರ್ 27.5ಕ್ಕೆ ಬಂದಿರುತ್ತದೆ. ಹವಾ ಕಡಿಮೆಯಾದ ಟೈರಿನ ಬದಿಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಒಳಗಿನ ದಾರದ ಪದರು ರಬ್ಬರಿನಿಂದ ಬಿಡುತ್ತದೆ. ಹೆದ್ದಾರಿಯಲ್ಲಿ ಟೈರ್ ಸಿಡಿಯಲು ಹೆಚ್ಚಿನ ಹವಾಕ್ಕಿಂತ ಕಡಿಮೆ ಹವಾ ದೊಡ್ಡ ಕಾರಣ. ಬಿಸಿ ಟೈರಿನಿಂದ ಹವಾ ಬಿಡಲೇಬೇಡಿ. ಬಿಸಿಯಲ್ಲೂ ಗೇಜ್ ಕಡಿಮೆ ತೋರಿಸಿದರೆ ಕಂಪನಿ ಹೇಳಿದ ಅಳತೆಗಿಂತ 4 ಪಿಎಸ್‌ಐ ಮೇಲೆ ತುಂಬಿಸಿ, ಮರುದಿನ ತಣ್ಣಗಿದ್ದಾಗ ಸರಿ ಮಾಡಿಕೊಳ್ಳಿ.

ಲೆಕ್ಕಕ್ಕಿಂತ ಹೆಚ್ಚು ಏರಿದರೆ? ಆಗ ಟೈರಿನೊಳಗೆ ನೀರು ಸೇರಿದೆ ಎಂದು ಅನುಮಾನಿಸಬೇಕು. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ, ಬಸಿಯದಿದ್ದರೆ ಅದು ಹವಾದ ಜೊತೆಗೇ ಟೈರಿಗೆ ಹೋಗುತ್ತದೆ. 20 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಆ ನೀರಿನ ಆವಿಯೊಂದೇ ಸುಮಾರು 2.5 ಪಿಎಸ್‌ಐ ಹೆಚ್ಚುವರಿ ಸೇರಿಸುತ್ತದೆ. ಅಂಗಡಿಯವರು ದಿನಾ ಬೆಳಗ್ಗೆ ಟ್ಯಾಂಕಿನ ತಳದ ಕಾಕ್ ತೆರೆದು ನೀರು ಬಿಟ್ಟರೆ ಈ ತೊಂದರೆ ಇರುವುದಿಲ್ಲ. ನೈಟ್ರೋಜನ್ ತುಂಬಿಸಿದರೆ ಒತ್ತಡ ಏರುವುದೇ ಇಲ್ಲ ಎಂಬ ಮಾತು ಸುಳ್ಳು. ಗಾಳಿಯಲ್ಲೇ ನೂರಕ್ಕೆ 78 ನೈಟ್ರೋಜನ್ ಇದೆ, ನಿಯಮವೂ ಎರಡಕ್ಕೂ ಒಂದೇ. ಅದರ ಲಾಭ ಇಷ್ಟೇ: ಅದು ಒಣ ಅನಿಲ, ರಬ್ಬರಿನಿಂದ ಸ್ವಲ್ಪ ನಿಧಾನಕ್ಕೆ ಹೋಗುತ್ತದೆ.

ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದ ಲಾರಿಯ ಗೇಜ್ ಒಂದು ಪಿಎಸ್‌ಐ ಹೆಚ್ಚು ತೋರಿಸುವುದು ಹೊರಗಿನ ಒತ್ತಡ ಇಳಿದದ್ದರಿಂದ. ಕರಾವಳಿಯಲ್ಲಿ ಪ್ಯಾಕ್ ಆದ ಚಿಪ್ಸ್ ಪೊಟ್ಟಣ ಇಲ್ಲಿ ಬಿಗಿಯಾಗಿ ಉಬ್ಬಿರುವುದಕ್ಕೂ ಅದೇ ಕಾರಣ, ಅದು ಕೆಟ್ಟಿಲ್ಲ. ಹಾಲಿನ ಪಾಕೀಟು ಉಬ್ಬಿದ್ದರೆ ಮಾತ್ರ ಒಳಗೆ ಹೊಸ ಅನಿಲ ಹುಟ್ಟಿದೆ ಎಂದರ್ಥ, ಅದನ್ನು ಚೆಲ್ಲಿಬಿಡಿ.

ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಚಕ್ರ ಜಾರದಿರಲೆಂದು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸುತ್ತಾರಲ್ಲ, ಅಲ್ಲಿ ಲೆಕ್ಕ ಚುರುಕಾಗುತ್ತದೆ. ಹವಾಕ್ಕೆ ಉಳಿದ ಜಾಗ ಕಾಲು ಪಾಲು ಮಾತ್ರ. ತಗ್ಗಿಗೆ ಬಿದ್ದಾಗ ಟೈರಿನ ಒಟ್ಟು ಗಾತ್ರ ನೂರಕ್ಕೆ 2ರಷ್ಟು ಕುಗ್ಗಿದರೆ, ನೀರು ಕುಗ್ಗದ ಕಾರಣ ಹವಾದ ಗಾತ್ರ ನೂರಕ್ಕೆ 8ರಷ್ಟು ಕುಗ್ಗುತ್ತದೆ. 14 ಪಿಎಸ್‌ಐ ಇದ್ದ ಟೈರಿನಲ್ಲಿ ಆ ಗಳಿಗೆಗೆ 2.4 ಪಿಎಸ್‌ಐ ಏರುತ್ತದೆ, ನೀರಿಲ್ಲದ ಟೈರಿನಲ್ಲಾಗಿದ್ದರೆ ಅರ್ಧ ಪಿಎಸ್‌ಐ ಮೇಲೆ ಸ್ವಲ್ಪ. ಹಾಗಾಗಿ ನೀರು ತುಂಬಿದ ಟೈರ್ ಕಲ್ಲಿನ ದಾರಿಯಲ್ಲಿ ಗಡುಸಾಗಿ ಕುಲುಕಿಸುವುದು ಸಹಜ. ಸೋರಿಕೆಯೂ ಅಷ್ಟೇ ಬೇಗ ಕಾಣುತ್ತದೆ, ಅಷ್ಟೇ ಹವಾ ಹೋದರೂ ಒತ್ತಡ ನಾಲ್ಕು ಪಟ್ಟು ಇಳಿಯುತ್ತದೆ. ಅಳೆಯುವಾಗ ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿ. ಕೆಳಗಿದ್ದರೆ ಗೇಜಿಗೆ ನೀರು ನುಗ್ಗುತ್ತದೆ, ನೀರಿನ ಎತ್ತರವೂ ಒತ್ತಡದಲ್ಲಿ ಸೇರಿಕೊಳ್ಳುತ್ತದೆ (ಒಂದು ಮೀಟರಿಗೆ 1.4 ಪಿಎಸ್‌ಐ).

“ಮೋಟರ್ ನೀರ ಎತ್ತವಲ್ದು”

ವರದಾ, ತುಂಗಭದ್ರಾ ದಂಡೆಯಲ್ಲೂ ಹಳ್ಳದ ಬದಿಯಲ್ಲೂ ಕೂಡಿಸಿದ ಮೋಟರುಗಳ ದೂರು ಬರುವುದು ಬೇಸಿಗೆಯಲ್ಲಿ. ಮಳೆ ಮುಗಿದಾಗ ಚೆನ್ನಾಗಿ ಎತ್ತುತ್ತಿದ್ದ ಅದೇ ಪಂಪು ಏಪ್ರಿಲ್‌ನಲ್ಲಿ ನೊರೆ ನೊರೆ ನೀರು ಕಾರಿ, ಕಟಕಟ ಸದ್ದು ಮಾಡಿ ಬಿಡುತ್ತದೆ. ಇಂಪೆಲರ್ (ಪಂಪಿನೊಳಗೆ ತಿರುಗುವ ಚಕ್ರ) ಸವೆದಿದೆ ಎಂದು ಬಿಚ್ಚುವ ಮೊದಲು ನೀರಿನ ಮಟ್ಟ ಅಳೆಯಿರಿ.

ಪಂಪು ನೀರನ್ನು ಎಳೆಯುವುದಿಲ್ಲ. ಪಂಪಿನೊಳಗೆ ಒತ್ತಡ ಇಳಿದಾಗ ಹೊರಗಿನ ವಾತಾವರಣ ನೀರನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಎತ್ತರದಲ್ಲಿ ಆ ತಳ್ಳುವ ಬಲ ಸುಮಾರು 9.5 ಮೀಟರ್ ನೀರಿನಷ್ಟು. ಪೈಪಿನ ಘರ್ಷಣೆ, ಅದರ ತಳದ ಫುಟ್‌ವಾಲ್‌ನ ತಡೆ ಕಳೆದರೆ ನಂಬಬಹುದಾದದ್ದು 6 ಮೀಟರ್ ಚಿಲ್ಲರೆ. ಈಗ ನೀರಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಜೋಡಣೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದೆ ಎನ್ನಿ. ನೀರು 3 ಮೀಟರ್ ಕೆಳಗಿದ್ದಾಗ ಪಂಪಿನ ಬಾಯಲ್ಲಿ ಉಳಿದ ಒತ್ತಡ 6.5 ಮೀಟರ್. ಒಳ ಬಂದ ಹವಾ 9.5 ಭಾಗಿಸು 6.5, ಅಂದರೆ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಪಂಪು ಅದನ್ನು ನುಂಗಿಕೊಂಡು ಓಡುತ್ತದೆ. ನೀರು 6 ಮೀಟರಿಗೆ ಇಳಿದಾಗ ಅದೇ ಹವಾ 9.5 ಭಾಗಿಸು 3.5, ಹೆಚ್ಚೂಕಡಿಮೆ 2.7 ಪಟ್ಟು ಹಿಗ್ಗುತ್ತದೆ. ಒಳಹೊರಗಿನ ಒತ್ತಡದ ಅಂತರ ದೊಡ್ಡದಾದ್ದರಿಂದ ನುಗ್ಗುವ ಹವಾ ಕೂಡ ಹೆಚ್ಚು. ಎರಡೂ ಸೇರಿ ಇಂಪೆಲರ್ ಹವಾದಲ್ಲಿ ತಿರುಗತೊಡಗುತ್ತದೆ, ನೀರು ತುಂಡಾಗುತ್ತದೆ. ಮಳೆಗಾಲದಲ್ಲಿ ಯಾರ ಕಣ್ಣಿಗೂ ಬೀಳದ ರಂಧ್ರ ಬೇಸಿಗೆಯಲ್ಲಿ ಪಂಪು ನಿಲ್ಲಿಸುವುದು ಹೀಗೆ.

ಪತ್ತೆ ಹಚ್ಚಲು ಮೋಟರ್ ಬಂದ್ ಮಾಡಿ ಪಂಪಿಗೆ ಬಾಯಿಮಟ್ಟ ನೀರು ತುಂಬಿ, ಹತ್ತು ನಿಮಿಷ ಬಿಡಿ. ನೀರು ಇಳಿದರೆ ಫುಟ್‌ವಾಲ್ ಹಿಡಿಯುತ್ತಿಲ್ಲ. ಕಸ, ಜೊಂಡು ಸಿಕ್ಕಿರುತ್ತದೆ, ಇಲ್ಲವೇ ಒಳಗಿನ ಚರ್ಮದ ವಾಷರ್ ಹೋಗಿರುತ್ತದೆ. ನೀರು ನಿಂತಿದ್ದೂ ಓಡುವಾಗ ಮಾತ್ರ ತುಂಡಾದರೆ ಹವಾ ನುಗ್ಗುತ್ತಿರುವುದು ನೀರಿನ ಮಟ್ಟಕ್ಕಿಂತ ಮೇಲಿರುವ ಜೋಡಣೆಯಲ್ಲಿ ಅಥವಾ ಗ್ಲ್ಯಾಂಡಿನಲ್ಲಿ (ಶಾಫ್ಟಿನ ಸುತ್ತ ಹುರಿ ತುಂಬಿದ ಜಾಗ). ಪಂಪು ಓಡುತ್ತಿರುವಾಗ ಒಂದೊಂದೇ ಜೋಡಣೆಗೆ ಹಸಿ ಎರಿ ಮಣ್ಣು ಮೆತ್ತುತ್ತ ಬನ್ನಿ, ತಿರುಗುವ ಶಾಫ್ಟಿನಿಂದ ಕೈ ದೂರವಿರಲಿ. ಯಾವುದಕ್ಕೆ ಮೆತ್ತಿದಾಗ ಸದ್ದು ಬದಲಾಗಿ ನೀರು ಕೂಡಿಕೊಳ್ಳುತ್ತದೋ ಅಲ್ಲೇ ರಂಧ್ರ. ಗ್ಲ್ಯಾಂಡಿನಿಂದ ಹನಿ ಹನಿ ನೀರು ತೊಟ್ಟಿಕ್ಕುತ್ತಿರಬೇಕು. ಒಂದು ಹನಿಯೂ ಬೀಳದಂತೆ ಬಿಗಿ ಮಾಡುವವರಿದ್ದಾರೆ, ಅದು ತಪ್ಪು: ಹುರಿ ಒಣಗಿ ಸುಟ್ಟುಹೋಗಿ ಅಲ್ಲಿಂದಲೇ ಹವಾ ಒಳಕ್ಕೆ ಹೋಗುತ್ತದೆ. ಸಕ್ಷನ್ ಪೈಪು ನೀರಿನಿಂದ ಪಂಪಿನವರೆಗೆ ಒಂದೇ ಸಮ ಏರಬೇಕು, ನಡುವೆ ಗೂನು ಬಿದ್ದರೆ ಅಲ್ಲಿ ಹವಾ ಕೂಡಿಕೊಳ್ಳುತ್ತದೆ. ಫುಟ್‌ವಾಲ್ ನೀರಿನಲ್ಲಿ ಅರ್ಧ ಮೀಟರಿಗಿಂತ ಹೆಚ್ಚು ಮುಳುಗಿರಲಿ. ಇಷ್ಟೆಲ್ಲ ಸರಿಯಿದ್ದೂ ನೀರು 7 ಮೀಟರಿಗಿಂತ ಕೆಳಗಿದ್ದರೆ ಯಾವ ರಿಪೇರಿಯೂ ಕೆಲಸಕ್ಕೆ ಬಾರದು. ಮೋಟರನ್ನೇ ಕೆಳಗಿಳಿಸಬೇಕು, ಇಲ್ಲವೇ ಸಬ್‌ಮರ್ಸಿಬಲ್ ಹಾಕಬೇಕು.

“ಸೀಟಿ ಆದ್ರೂ ಬ್ಯಾಳಿ ಬೇಯವಲ್ದು”

ಕುಕ್ಕರಿನ ವೇಟ್ ಏಳುವುದು ಒಳಗಿನ ಒಟ್ಟು ಒತ್ತಡಕ್ಕೆ. ಬೇಳೆ ಬೇಯುವುದು ತಾಪಕ್ಕೆ. ಒಳಗೆ ಬರೀ ಆವಿ ಇದ್ದರೆ ಇವೆರಡೂ ಕೂಡಿಯೇ ನಡೆಯುತ್ತವೆ: ಸಾಮಾನ್ಯ ಮನೆ ಕುಕ್ಕರಿನ ವೇಟ್ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡಕ್ಕೆ ಏಳುವಂಥದ್ದು, ಧಾರವಾಡದ ಎತ್ತರದಲ್ಲಿ ಆಗ ಒಳಗಿನ ನೀರು 119 ಡಿಗ್ರಿ ಆಸುಪಾಸು ಇರುತ್ತದೆ. ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು ಕುದಿಯುವುದೇ 98ರ ಹತ್ತಿರ.

ಮುಚ್ಚಳ ಹಾಕಿದ ಕೂಡಲೇ ವೇಟ್ ಇಟ್ಟುಬಿಟ್ಟರೆ ಲೆಕ್ಕ ತಪ್ಪುತ್ತದೆ. ಒಳಗಿದ್ದ ಹವಾ ಅಲ್ಲೇ ಸಿಕ್ಕಿಬಿದ್ದು, ಕಾಯುತ್ತ ಹೋದಂತೆ ತನ್ನ ಪಾಲಿನ ಒತ್ತಡ ಹಾಕುತ್ತದೆ. 25 ಡಿಗ್ರಿಯಲ್ಲಿ ಮುಚ್ಚಿದ ಹವಾ 93 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 110 ಕಿಲೋಪಾಸ್ಕಲ್ (ಚದರ ಸೆಂಟಿಮೀಟರಿಗೆ 1 ಕೆಜಿ ಅಂದರೆ ಸುಮಾರು 100 ಕಿಲೋಪಾಸ್ಕಲ್), ಆ ತಾಪದ ಆವಿಯದು 78. ಎರಡೂ ಸೇರಿದರೆ, ಹೊರಗಿನ ವಾತಾವರಣದ ಒತ್ತಡವನ್ನೂ ಕೂಡಿಸಿ ವೇಟ್ ಏಳುವ 190ಕ್ಕೆ ಮುಟ್ಟಿಯಾಯಿತು. ಅಂದರೆ ಮೊದಲ ಸೀಟಿ ಬಿದ್ದಾಗ ಬೇಳೆ ಇನ್ನೂ ಕುದಿಯುವ ಮಟ್ಟಕ್ಕೂ ಬಂದಿಲ್ಲ. ಸೀಟಿ ಎಣಿಸಿ ಇಳಿಸುವವರಿಗೆ ಬೇಳೆ ಗಟ್ಟಿ ಉಳಿಯುವುದು ಇದಕ್ಕೇ. ನಳಿಗೆಯಿಂದ ಆವಿ ಒಂದೇ ಸಮ ಜೋರಾಗಿ ಬರತೊಡಗಿದ ಮೇಲೆ ವೇಟ್ ಇಡಿ. ಆವಿ ಹವಾವನ್ನು ಹೊರದಬ್ಬಿರುತ್ತದೆ, ಆಮೇಲಿನ ಮೊದಲ ಸೀಟಿಗೆ ನಿಜವಾದ ಬೆಲೆ ಇದೆ. ಹೀಗೆ ಮಾಡಿಯೂ ಬೇಯದಿದ್ದರೆ ಬೇಳೆ ಹಳೆಯದು ಅಥವಾ ಬೋರಿನ ನೀರು ಗಡಸು.

ಸೀಟಿಯೇ ಆಗದೆ ಅಂಚಿನಿಂದ ಆವಿ ಬಂದರೆ ರಬ್ಬರ್ ಗಟ್ಟಿಯಾಗಿದೆ, ಬದಲಿಸಿ. ಅಂಚಿನಿಂದಲೂ ಬರದೆ ಸೀಟಿಯೂ ಆಗದಿದ್ದರೆ ಒಲೆ ತಕ್ಷಣ ಆರಿಸಿ. ತಣ್ಣಗಾದ ಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಬೇಳೆಯ ನೊರೆ ಕಟ್ಟಿರುತ್ತದೆ. ಬೇಳೆ, ಕಾಳು ಹಾಕುವಾಗ ನೀರೂ ಸೇರಿ ಅರ್ಧ ಕುಕ್ಕರಿಗಿಂತ ಮೇಲೆ ಹೋಗಬಾರದು. ಸೇಫ್ಟಿ ವಾಲ್ವ್ ಹಾರಿದ್ದರೆ ಅದೇ ಅಳತೆಯ ಹೊಸದನ್ನೇ ಹಾಕಿ, ಅಂಟು ಮೆತ್ತಿ ಮುಚ್ಚುವುದು ಕುಕ್ಕರನ್ನು ಸಿಡಿಗುಂಡು ಮಾಡಿದಂತೆ. ತಣ್ಣಗಾದ ಕುಕ್ಕರಿನ ಮುಚ್ಚಳ ಬರದಿದ್ದರೆ ಒಳಗಿನ ಆವಿ ನೀರಾಗಿ ಒತ್ತಡ ಹೊರಗಿನದಕ್ಕಿಂತ ಇಳಿದಿದೆ. ಹೊಡೆಯಬೇಡಿ, ವೇಟ್ ಎತ್ತಿದರೆ ಹವಾ ಒಳಹೋಗಿ ಸಡಿಲಾಗುತ್ತದೆ.

“ಸಿಲಿಂಡರ್ ಭಾರ ಐತಿ, ಉರಿ ಸಣ್ಣ”

ಸಿಲಿಂಡರಿನಲ್ಲಿ ಗ್ಯಾಸ್ ಮುಗಿಯುತ್ತ ಬಂದಂತೆ ಒತ್ತಡ ಇಳಿಯುತ್ತದೆ ಎಂಬುದು ಟೈರಿನ ಲೆಕ್ಕವನ್ನು ತಂದು ಇಲ್ಲಿ ಹಾಕಿದ್ದು. ಒಳಗೆ ದ್ರವ ಇರುವವರೆಗೆ ಒತ್ತಡ ತಾಪಮಾನದ ಮಾತು ಕೇಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿ ನೋಡಿ: ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕ ಕಳೆದರೆ ಉಳಿದದ್ದು ಗ್ಯಾಸ್, ತುಂಬಿದ್ದಾಗ ಮನೆಯದು 14.2 ಕೆಜಿ, ಅಂಗಡಿಯದು 19 ಕೆಜಿ. ಗ್ಯಾಸ್ ಇದ್ದೂ ಉರಿ ಸಣ್ಣಗಿದ್ದರೆ, ಒಂದೇ ಬರ್ನರಿನದೋ ಎಲ್ಲದರದೋ ನೋಡಿ. ಒಂದೇ ಆದರೆ ಅದರ ಜೆಟ್ಟಿನಲ್ಲಿ (ಗ್ಯಾಸ್ ಬರುವ ಸಣ್ಣ ತೂತಿನಲ್ಲಿ) ಕಸ. ಎಲ್ಲವೂ ಆದರೆ ಪೈಪು ಮಡಚಿದೆಯೋ, ರೆಗ್ಯುಲೇಟರ್ ಪೂರ್ತಿ ತಿರುಗಿದೆಯೋ ನೋಡಿ. ಅವೂ ಸರಿಯಿದ್ದರೆ ಸಿಲಿಂಡರಿನ ಹೊಟ್ಟೆ ಮುಟ್ಟಿ, ತಣ್ಣಗಾಗಿ ಬೆವರಿದೆಯೋ ನೋಡಿ.

ಮಿರ್ಚಿ ಬಜಿ ಕರಿಯುವ ದೊಡ್ಡ ಒಲೆ ತಾಸಿಗೆ 1 ಕೆಜಿ ಗ್ಯಾಸ್ ತಿಂದರೆ, ಅಷ್ಟು ದ್ರವ ಆವಿಯಾಗಲು ಸುಮಾರು 100 ವ್ಯಾಟ್ ಶಾಖ ಸಿಲಿಂಡರಿನ ಗೋಡೆಯ ಮೂಲಕ ಒಳಗೆ ಬರಬೇಕು. ಬರದಿದ್ದರೆ ದ್ರವ ತನ್ನ ಶಾಖವನ್ನೇ ಕೊಟ್ಟು ತಣ್ಣಗಾಗುತ್ತದೆ. ಕೆಳಭಾಗ ಬೆವರುತ್ತದೆ, ಒತ್ತಡ ಇಳಿಯುತ್ತದೆ, ಉರಿ ಕುಗ್ಗುತ್ತದೆ. ಕಾಲು ಪಾಲು ಉಳಿದಾಗ ದ್ರವ ತಾಗುವ ಗೋಡೆಯೂ ಕಡಿಮೆ, ಜೊತೆಗೆ ಬೇಗ ಆವಿಯಾಗುವ ಪ್ರೊಪೇನ್ ಮೊದಲೇ ಹೆಚ್ಚು ಹೋಗಿ ಬ್ಯೂಟೇನ್ ಪಾಲು ಹೆಚ್ಚಾಗಿರುತ್ತದೆ. 15 ಡಿಗ್ರಿಯಲ್ಲಿ ಪ್ರೊಪೇನಿನ ಒತ್ತಡ ವಾತಾವರಣದ ಏಳು ಪಟ್ಟಿನಷ್ಟು, ಬ್ಯೂಟೇನಿನದು ಎರಡು ಪಟ್ಟೂ ಇಲ್ಲ. ಡಿಸೆಂಬರಿನ ನಸುಕಿನಲ್ಲಿ ಉರಿ ಸೋಲುವುದು ಈ ಎಲ್ಲ ಸೇರಿ. ಒಲೆ ಆರಿಸಿ ಅರ್ಧ ತಾಸು ಬಿಟ್ಟಾಗ ಉರಿ ಮತ್ತೆ ಜೋರಾದರೆ ಇದೇ ಕಾರಣ, ರೆಗ್ಯುಲೇಟರ್ ಬದಲಿಸಿ ಪ್ರಯೋಜನವಿಲ್ಲ.

ಪರಿಹಾರವೆಂದರೆ ಎರಡು ಸಿಲಿಂಡರ್‌ಗಳನ್ನು ಮ್ಯಾನಿಫೋಲ್ಡಿಗೆ (ಎರಡರ ಗ್ಯಾಸನ್ನೂ ಒಂದೇ ದಾರಿಗೆ ತರುವ ಪೈಪಿಗೆ) ಜೋಡಿಸಿ ಒಟ್ಟಿಗೆ ಬಳಸುವುದು. ಒಂದೊಂದರ ಮೇಲಿನ ಭಾರ ಅರ್ಧವಾಗುತ್ತದೆ. ಸುತ್ತ ಗಾಳಿ ಆಡಲು ಜಾಗ ಬಿಡಿ, ಗೋಣಿಚೀಲ ಸುತ್ತಬೇಡಿ, ಶಾಖ ಬರುವ ದಾರಿಯನ್ನೇ ಅದು ತಡೆಯುತ್ತದೆ. ಬಿಸಿನೀರಿನಲ್ಲಿ ನಿಲ್ಲಿಸುವುದು, ಒಲೆಯ ಬಳಿ ಸರಿಸುವುದು, ಅಡ್ಡ ಮಲಗಿಸುವುದು ಯಾವುದನ್ನೂ ಮಾಡಬೇಡಿ. ಸಿಲಿಂಡರಿಗೆ ಸುಮಾರು ಐದರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ ದ್ರವ ತುಂಬಿರುವುದು ದ್ರವ ಹಿಗ್ಗಲು ಜಾಗವಿರಲೆಂದು. ಕಾಯಿಸಿ ಆ ಜಾಗ ತುಂಬಿಹೋದರೆ ದ್ರವಕ್ಕೆ ಕುಗ್ಗುವ ಗುಣವಿಲ್ಲ, ಒತ್ತಡ ಒಮ್ಮೆಲೇ ನೆಗೆಯುತ್ತದೆ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ಬರುತ್ತದೆ, ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ.

ಸಿಲಿಂಡರ್ ಬದಲಿಸಿದ ಮೇಲೆ ರೆಗ್ಯುಲೇಟರ್ ಕೂಡುವಲ್ಲಿ, ಪೈಪಿನ ಎರಡೂ ತುದಿಯಲ್ಲಿ ಸೋಪಿನ ನೀರು ಹಚ್ಚಿ ನೋಡಿ. ಕಡ್ಡಿ ಗೀರಿ ಪರೀಕ್ಷಿಸಬೇಡಿ. ರೆಗ್ಯುಲೇಟರ್ ಬುಡದಲ್ಲಿ ಗುಳ್ಳೆ ಬಂದರೆ ವಾಲ್ವಿನ ಒಳಗಿನ ರಬ್ಬರ್ ಉಂಗುರ ಸರಿದಿದೆ. ರೆಗ್ಯುಲೇಟರ್ ಬಂದ್ ಮಾಡಿ ತೆಗೆದು, ಸಿಲಿಂಡರಿಗೆ ಅದರ ಟೋಪಿ ಹಾಕಿ, ಏಜೆನ್ಸಿಯ ಮೆಕ್ಯಾನಿಕ್‌ಗೆ ಹೇಳಿ. ವಾಸನೆ ಕೋಣೆ ತುಂಬಿದ್ದರೆ ಲೈಟು, ಫ್ಯಾನಿನ ಸ್ವಿಚ್ ಮುಟ್ಟದೆ ಬಾಗಿಲು ತೆರೆಯಿರಿ. ಈ ಅನಿಲ ಹವಾಕ್ಕಿಂತ ಭಾರ, ನೆಲದ ಮೇಲೇ ಹರಡಿರುತ್ತದೆ. ಕಿಟಕಿಯಿಂದಷ್ಟೇ ಹೋಗುವುದಿಲ್ಲ, ಬಾಗಿಲ ಹೊಸ್ತಿಲ ಕಡೆಗೆ ಅದು ಹೊರಬೀಳಲು ದಾರಿ ಬೇಕು. ಎಲ್ಲರೂ ಹೊರಗೆ ಬಂದು, ಮನೆಯಿಂದ ದೂರ ನಿಂತು 1906ಕ್ಕೆ ಫೋನ್ ಮಾಡಿ.